ದಿಬ್ಬದ ಚಿನ್ನದಲ್ಲಿ ಶಾಲೆಯ ಪಾಲೆಷ್ಟು? ಕೆಜಿಎಫ್‌ನಿಂದ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಪ್ರತಿಗಳು: ಮಾನ್ಯ ಶಾಲಾ ಶಿಕ್ಷಣ ಸಚಿವರು, ಮಾನ್ಯ ಗಣಿ ಮತ್ತು ಭೂವಿಜ್ಞಾನ ಸಚಿವರು, ಜಿಲ್ಲಾಧಿಕಾರಿಗಳು, ಕೋಲಾರ, ಕೆಜಿಎಫ್ ನಗರಸಭೆಯ ಎಲ್ಲ ಸದಸ್ಯರು

ವಿಷಯ: ಕೆಜಿಎಫ್ ನಗರದ ಪುನಶ್ಚೇತನ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಹಣದ ಪಾಲನ್ನು ಮೊದಲೇ ಲಿಖಿತವಾಗಿ ನಿಗದಿಪಡಿಸುವ ಕುರಿತು

ಮಾನ್ಯರೇ,

2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಕೆಜಿಎಫ್‌ನ 13 ಸೈನೈಡ್ ದಿಬ್ಬಗಳಲ್ಲಿ (ಚಿನ್ನ ತೆಗೆದ ಮೇಲೆ ಉಳಿದ ಅರೆದ ಅದಿರಿನ ರಾಶಿಗಳಲ್ಲಿ), ಒಟ್ಟು 1,003.4 ಎಕರೆಯಲ್ಲಿ, ಮತ್ತೆ ಚಿನ್ನ ತೆಗೆಯುವುದಕ್ಕೆ ಒಪ್ಪಿಗೆ ಕೊಟ್ಟಿತು. ಭಾರತ್ ಗೋಲ್ಡ್ ಮೈನ್ಸ್‌ನ ವಶದಲ್ಲಿರುವ ಎರಡು ಸಾವಿರಕ್ಕೂ ಹೆಚ್ಚು ಎಕರೆ ಜಾಗವನ್ನು ಕೈಗಾರಿಕಾ ಟೌನ್‌ಶಿಪ್‌ಗಾಗಿ ರಾಜ್ಯಕ್ಕೆ ಪಡೆಯುವ ಮಾತೂ ಅದೇ ಹೊತ್ತಿಗೆ ಬಂತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇನ ಹೊಸಕೋಟೆ–ಬೇತಮಂಗಲ ನಡುವಿನ 71 ಕಿ.ಮೀ. ರಸ್ತೆ ನಮ್ಮ ತಾಲ್ಲೂಕಿನ ಹೊಸ್ತಿಲವರೆಗೆ ಬಂದಾಗಿದೆ. ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಜನ ಈಗ ಚಿನ್ನ, ಕಾರ್ಖಾನೆ, ಜಾಗದ ಬೆಲೆ ಎನ್ನುವ ಮೂರೇ ವಿಷಯ ಮಾತಾಡುತ್ತಿದ್ದಾರೆ. ಊರನ್ನು ಮೇಲೆತ್ತುವ ಈ ಎಲ್ಲ ಲೆಕ್ಕಾಚಾರದಲ್ಲಿ ಸರ್ಕಾರಿ ಶಾಲೆಯ ಹೆಸರು ಎಲ್ಲಿಯೂ ಕೇಳಿಸುತ್ತಿಲ್ಲ. ದಿಬ್ಬದಿಂದ ಮೊದಲ ಲಾರಿ ಮಣ್ಣು ಹೊರಡುವ ಮೊದಲೇ ಶಾಲೆಯ ಪಾಲು ಸರ್ಕಾರಿ ಆದೇಶದ ರೂಪದಲ್ಲಿ ಕಾಗದದ ಮೇಲೆ ಬರಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ.

ಈ ಊರು ಕೊಟ್ಟಿದ್ದೇನು ಎಂಬುದು ತಮಗೆ ತಿಳಿಯದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಚಾಂಪಿಯನ್ ರೀಫ್ ಗಣಿಯಲ್ಲಿ ಕಾರ್ಮಿಕರು ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು. ಗಣಿ ನಡೆದ ಪ್ರದೇಶದ ಜನರಿಗೆ ಅದರ ಆದಾಯದಲ್ಲಿ ಒಂದು ಪಾಲು ಸಿಗಬೇಕು ಎಂಬ ಕಾನೂನು ಬಂದದ್ದು ಮಾತ್ರ 2015ರಲ್ಲಿ, ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದಾಗ. ಅಷ್ಟರಲ್ಲಿ ಕೆಜಿಎಫ್ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳಿಗಾಗಿ ಸುಪ್ರೀಂ ಕೋರ್ಟ್‌ನ ಆದೇಶದಿಂದ ಪ್ರತ್ಯೇಕ ನಿಧಿ, ಪ್ರತ್ಯೇಕ ನಿಗಮ ಆಗಿವೆ. ಅಲ್ಲಿನ ಮಕ್ಕಳಿಗೆ ಅದು ಸಿಗಲೇಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟ ಊರಿನ ಮಕ್ಕಳಿಗೆ ಅಂಥ ಯಾವುದೂ ಇಲ್ಲ ಎಂಬುದನ್ನು ದಾಖಲಿಸುತ್ತಿದ್ದೇವೆ. ಹಾಗಾಗಿ, ಈ ದಿಬ್ಬಗಳು ನಮಗೆ ಉಳಿದಿರುವ ಕೊನೆಯ ಅವಕಾಶ.

ಮೊದಲು, ಶಾಲೆ ಹೇಗೆ ಸೊರಗುತ್ತದೆ ಎಂಬುದನ್ನು ಲೆಕ್ಕದ ಸಮೇತ ಹೇಳುತ್ತೇವೆ. ಜನ ಊರು ಬಿಟ್ಟರು, ಮಕ್ಕಳು ಕಡಿಮೆಯಾದರು, ಶಾಲೆ ಮುಚ್ಚಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ರೂಢಿಯಾಗಿದೆ. ನಡುವೆ ನಡೆಯುವುದು ಬೇರೆ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ಬರುವ ಸಂಯುಕ್ತ ಅನುದಾನ ದಾಖಲಾತಿಯ ಮೆಟ್ಟಿಲುಗಳ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೇ ಇಡಬೇಕು. 103 ಮಕ್ಕಳಿದ್ದ ಶಾಲೆಯಿಂದ ಒಂದು ಬೇಸಿಗೆಯಲ್ಲಿ ಎರಡು ಕುಟುಂಬ ಬೆಂಗಳೂರಿಗೆ ಹೋಗಿ ಮೂರು ಮಕ್ಕಳು ವರ್ಗಾವಣೆ ಪತ್ರ ತೆಗೆದುಕೊಂಡರೆ ಅನುದಾನ 50,000ದಿಂದ 25,000ಕ್ಕೆ ಬೀಳುತ್ತದೆ. ಹೋದವರು ನೂರಕ್ಕೆ ಮೂವರು, ಹೋದ ಹಣ ಅರ್ಧಕ್ಕರ್ಧ. ಹೆಂಚು ಮೊದಲಿನಷ್ಟೇ, ಶೌಚಾಲಯ ಮೊದಲಿನಷ್ಟೇ, ನೀರಿನ ಪಂಪ್ ಅದೇ, ಕಾಂಪೌಂಡ್ ಅಷ್ಟೇ ಉದ್ದ. ಬೆಳೆಯುತ್ತಿರುವ ಊರಿನಲ್ಲಿ ಈ ಮೆಟ್ಟಿಲುಗಳಿಂದ ತೊಂದರೆಯಿಲ್ಲ, ಶಾಲೆ ಹತ್ತುತ್ತಾ ಹೋಗುತ್ತದೆ. ಇಳಿಯುತ್ತಿರುವ ಊರಿಗೂ ಅದೇ ನಿಯಮ ಹಾಕಿದರೆ ಪ್ರತಿ ಮೆಟ್ಟಿಲೂ ಒಂದು ಪೆಟ್ಟು. ಶಾಲೆ, ಕಾಲೇಜುಗಳಿಗೆ ವಿದ್ಯುತ್ ಮತ್ತು ನೀರನ್ನು ಉಚಿತ ಮಾಡುವ ನಿರ್ಧಾರವನ್ನು ಸರ್ಕಾರ 2023ರ ರಾಜ್ಯೋತ್ಸವದಂದು ಪ್ರಕಟಿಸಿತು. ಆ ಹೊರೆ ಇಳಿಸಿದ್ದಕ್ಕೆ ಕೃತಜ್ಞರು. ಆದರೆ ಸೋರುವ ಸೂರಿಗೆ ಅದರಿಂದ ಉತ್ತರ ಸಿಗುವುದಿಲ್ಲ.

ಹಣ ಬರುವ ಸಮಯದ್ದೂ ಒಂದು ತೊಡಕಿದೆ. ಶಾಲೆ ತೆರೆಯುವುದು ಮೇ ಕೊನೆ, ಜೂನ್ ಮೊದಲ ವಾರದಲ್ಲಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಟ್ಯಾಂಕ್ ತೊಳೆಸಬೇಕು, ಚರಂಡಿ ಬಿಡಿಸಬೇಕು. ಅನುದಾನ ಮಾತ್ರ ಕಂತುಗಳಲ್ಲಿ, ಬಹಳ ಸಲ ವರ್ಷದ ಕೊನೆಯ ತಿಂಗಳುಗಳಲ್ಲಿ ಕೈಗೆ ಬರುತ್ತದೆ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ ಅದು ಹಿಂದಕ್ಕೆ. ಹೀಗಾಗಿ ಜೂನ್‌ನಲ್ಲಿ ಬೇಕಿದ್ದ ದುರಸ್ತಿ ಆಗುವುದೇ ಇಲ್ಲ, ಮಾರ್ಚ್‌ನಲ್ಲಿ ಸುಲಭವಾಗಿ ಕೊಳ್ಳಬಹುದಾದ ಸಾಮಾನು ಬರುತ್ತದೆ. ಮುಖ್ಯಶಿಕ್ಷಕರನ್ನು ಇದಕ್ಕೆ ದೂರುವುದರಲ್ಲಿ ಅರ್ಥವಿಲ್ಲ.

ಅನುದಾನಕ್ಕಿಂತ ದೊಡ್ಡ ಪೆಟ್ಟು ಶಿಕ್ಷಕರ ಸಂಖ್ಯೆಯದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಕಾಯ್ದೆ ಇದನ್ನು ಕನಿಷ್ಠ ಎಂದು ಹೇಳಿತು. ನಾವು ಅದನ್ನೇ ಗರಿಷ್ಠವೆಂದು ನಡೆಸುತ್ತಿದ್ದೇವೆ. 62 ಮಕ್ಕಳಿದ್ದ ಶಾಲೆ 59ಕ್ಕೆ ಇಳಿದರೆ ಮೂರನೆಯ ಶಿಕ್ಷಕರು ‘ಹೆಚ್ಚುವರಿ’ ಪಟ್ಟಿಗೆ ಹೋಗುತ್ತಾರೆ, ಕೌನ್ಸೆಲಿಂಗ್ ಆಗುತ್ತದೆ, ಬೇರೆ ಶಾಲೆಗೆ ಹೊರಡುತ್ತಾರೆ. ಉಳಿದ ಇಬ್ಬರಲ್ಲಿ ಒಬ್ಬರು ನಲಿ-ಕಲಿಯ ಒಂದರಿಂದ ಮೂರನೇ ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡರೆ ಇನ್ನೊಬ್ಬರು ನಾಲ್ಕು, ಐದನ್ನು ನೋಡಿಕೊಳ್ಳುತ್ತಾರೆ. ಮುಖ್ಯಶಿಕ್ಷಕರ ಹೊಣೆಯೂ ಇವರಲ್ಲೊಬ್ಬರದೇ. ಬಿಸಿಯೂಟದ ಲೆಕ್ಕ, ಮೊಟ್ಟೆ-ಹಾಲಿನ ಲೆಕ್ಕ, ಮಕ್ಕಳ ವಿವರದ ಎಸ್‌ಎಟಿಎಸ್ ಜಾಲತಾಣದಲ್ಲಿ ಮಾಹಿತಿ ತುಂಬುವುದು, ತರಬೇತಿ, ಮತದಾರರ ಪಟ್ಟಿಯ ಕೆಲಸ, ಸಮೀಕ್ಷೆ ಎಲ್ಲವೂ ಆ ಹೆಗಲ ಮೇಲೆ. ಅವರು ಒಂದು ದಿನ ಸಭೆಗೆ ಹೋದರೆ ಅಂದು ಐದು ತರಗತಿಗೆ ಒಬ್ಬರೇ. ಎರಡು ತಿಂಗಳು ಇದನ್ನು ಕಂಡ ತಾಯಿ ಮಾರನೇ ವರ್ಷ ಸಾಲ ಮಾಡಿಯಾದರೂ ಖಾಸಗಿ ಶಾಲೆಯ ವ್ಯಾನ್ ಹತ್ತಿಸುತ್ತಾಳೆ. ಅವಳನ್ನು ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಹೀಗೆ ಇನ್ನೂ ಹತ್ತು ಮಕ್ಕಳು ಹೋಗುತ್ತಾರೆ. ಆಗ ಇಲಾಖೆ ‘ಜನರಿಗೆ ಸರ್ಕಾರಿ ಶಾಲೆ ಬೇಡವಾಗಿದೆ’ ಎಂದು ಬರೆದುಕೊಳ್ಳುತ್ತದೆ. ಬೇಡವಾದದ್ದು ಶಾಲೆಯಲ್ಲ, ಶಿಕ್ಷಕರಿಲ್ಲದ ತರಗತಿ.

ಅತಿಥಿ ಶಿಕ್ಷಕರಿಂದ ಈ ಕೊರತೆ ಸ್ವಲ್ಪ ತುಂಬುತ್ತದೆ ನಿಜ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 2025–26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿ 12,000 ಆಯಿತು. ಹತ್ತು ತಿಂಗಳಿಗೆ ಲೆಕ್ಕ ಹಾಕಿದರೆ ಒಬ್ಬರಿಗೆ ವರ್ಷಕ್ಕೆ 1,20,000 ರೂಪಾಯಿ. ಆದರೆ ಅತಿಥಿ ಶಿಕ್ಷಕರ ಹಂಚಿಕೆಯೂ ಮಂಜೂರಾದ ಹುದ್ದೆ ಖಾಲಿ ಇದ್ದಲ್ಲಿಗೆ ಮಾತ್ರ. ‘ಹೆಚ್ಚುವರಿ’ ಎಂದು ಕಿತ್ತ ಹುದ್ದೆ ಖಾಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸೊರಗಿದ ಶಾಲೆಗೆ ಅತಿಥಿಯೂ ಇಲ್ಲ.

ಇನ್ನು ಭಾಷೆಯ ವಿಷಯ. ಇದನ್ನು ಬೆಂಗಳೂರಿನಲ್ಲಿ ಕೂತವರು ಒಂದೋ ಭಾವುಕವಾಗಿ ನೋಡುತ್ತಾರೆ, ಇಲ್ಲವೇ ನೋಡುವುದೇ ಇಲ್ಲ. ಗಣಿ ಕೆಲಸಕ್ಕೆಂದು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರ ಊರು ಇದು. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ಒಂದೇ ಬೀದಿಯಲ್ಲಿ ಆಡುತ್ತಾರೆ. ತಮಿಳು ಮಾಧ್ಯಮದ ಶಿಕ್ಷಕರು ನಿವೃತ್ತರಾದಂತೆಲ್ಲ ಆ ಜಾಗ ತುಂಬುತ್ತಿಲ್ಲ. ಮಕ್ಕಳು ಉಳಿದರೂ ಮಾಧ್ಯಮ ಉಳಿಯುವುದಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು, ಅದು ನಮ್ಮದೂ ಬೇಡಿಕೆ. ಕನ್ನಡದಲ್ಲಿ ಅರ್ಜಿ ಬರೆಯಲು ಬಾರದ ಹುಡುಗನಿಗೆ ಈ ರಾಜ್ಯದ ಸರ್ಕಾರಿ ಕೆಲಸದ ಬಾಗಿಲು ತೆರೆಯುವುದಿಲ್ಲ. ಆದರೆ ತಮಿಳು ಮಾಧ್ಯಮ ಶಾಲೆಗೆ ಕನ್ನಡ ಕಲಿಸುವವರನ್ನು ಕೊಡದೆ, ಕನ್ನಡ ಬರಲಿಲ್ಲ ಎಂದು ಮಗುವನ್ನು ದೂರುವುದು ಅನ್ಯಾಯ. 2019–20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಪೋಷಕರು ಎಷ್ಟು ಆಸೆಯಿಂದ ಬಂದರು ಎಂಬುದು ಇಲಾಖೆಗೇ ಗೊತ್ತು. ಕೆಜಿಎಫ್‌ನಂಥ ಊರಿನಲ್ಲಿ ಒಂದೇ ಆವರಣದಲ್ಲಿ ದ್ವಿಭಾಷಾ ವಿಭಾಗ, ಜೊತೆಗೆ ಪಕ್ಕಾ ಕನ್ನಡ ಶಿಕ್ಷಕರು ಇದ್ದರೆ ಮೂರು ಸಣ್ಣ ಶಾಲೆಗಳ ಮಕ್ಕಳು ಒಂದಾಗಿ ಕೂರಲು ತಾವೇ ಒಪ್ಪುತ್ತಾರೆ.

ಒಂದುಗೂಡಿಸುವ ಮಾತು ಬಂತು. ವಿಲೀನವೆಂದ ಕೂಡಲೇ ಬೇಡ ಎನ್ನುವವರು ನಾವಲ್ಲ. 2025–26ರ ಬಜೆಟ್‌ನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್‌ (ಎಡಿಬಿ) ನೆರವಿನಿಂದ 500 ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೊಸದಾಗಿ ಮಾಡುವುದಾಗಿ ಘೋಷಿಸಿದಿರಿ. ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಸುವ ಶಾಲೆ ನಮ್ಮ ಊರಿಗೂ ಬೇಕು. ಆದರೆ ಅದನ್ನು ಕಟ್ಟುವ ಮುಂಚೆ ಸುತ್ತಲಿನ ಸಣ್ಣ ಶಾಲೆ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಕ್ಷೆ ಹಿಡಿದು ನೋಡಿ. ಗಣಿಯ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲುಮನೆಗಳು, ಗಣಿಗೆ ಇಳಿಯುವ ಶಾಫ್ಟ್‌ಗಳ ಸುತ್ತ ಚದುರಿ ಕಟ್ಟಿದವು. ಒಂದು ಲೈನ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೈಲು ಹಳಿ, ಪಾಳುಬಿದ್ದ ಗಣಿ ಕಟ್ಟಡ, ದಿಬ್ಬದ ಅಂಚು ದಾಟಬೇಕು. ಕಿರಿಯ ಪ್ರಾಥಮಿಕಕ್ಕೆ ಒಂದು ಕಿ.ಮೀ., ಹಿರಿಯ ಪ್ರಾಥಮಿಕಕ್ಕೆ ಮೂರು ಕಿ.ಮೀ. ಎಂಬ ನಿಯಮ ಸಮತಟ್ಟಾದ ರಸ್ತೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ದೂರದ ಮಕ್ಕಳಿಗೆ ಸಾರಿಗೆ ಭತ್ಯೆಯೆಂದು ಸಮಗ್ರ ಶಿಕ್ಷಣದಡಿ ವರ್ಷಕ್ಕೆ ಗರಿಷ್ಠ 6,000 ರೂಪಾಯಿ ಕೊಡಲು ಅವಕಾಶವಿದೆ, ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಅಷ್ಟರಲ್ಲಿ ಆಟೋ ಬರುವುದಿಲ್ಲ, ಅದೂ ಪೋಷಕರ ಖಾತೆಗೆ ತಿಂಗಳುಗಟ್ಟಲೆ ತಡವಾಗಿ ಬಂದರೆ ಮೊದಲು ಶಾಲೆ ಬಿಡುವವಳು ಐದನೇ ತರಗತಿ ದಾಟಿದ ಹುಡುಗಿ. ಮೊದಲು ಕಟ್ಟಡ, ಆಮೇಲೆ ವಾಹನ, ಒಂದು ವರ್ಷ ಎರಡೂ ಜೊತೆಯಾಗಿ ನಡೆಯಲಿ. ಆಮೇಲಷ್ಟೇ ಬೀಗದ ಮಾತು. ಆ ನಿರ್ಧಾರವೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆ ಹೇಳಿರುವ ಆ ಸಮಿತಿಯಲ್ಲಿ, ಆಗಬೇಕು.

‘ಮೊದಲು ಕಾರ್ಖಾನೆ ಬರಲಿ, ಜನ ವಾಪಸು ಬರುತ್ತಾರೆ, ಶಾಲೆ ತಾನಾಗಿ ತುಂಬುತ್ತದೆ’ ಎಂಬ ವಾದ ಈ ಊರಿನಲ್ಲೇ ಬಲವಾಗಿದೆ. ನಗರಸಭೆಯಲ್ಲೂ, ಚಹದಂಗಡಿಯಲ್ಲೂ ಕೇಳುತ್ತೇವೆ. ಆ ಮಾತಿನ ಹಿಂದಿನ ಹಸಿವು ನಮಗೆ ಅರ್ಥವಾಗುತ್ತದೆ. ಮಾರಿಕುಪ್ಪಂನಿಂದ ನಸುಕಿಗೇ ಹೊರಡುವ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಂಗಾರಪೇಟೆ ದಾಟಿ ಬೆಂಗಳೂರಿನ ಕಟ್ಟಡ ಕೆಲಸ, ಗಾರ್ಮೆಂಟ್ಸ್, ಸೆಕ್ಯೂರಿಟಿ ಕೆಲಸಕ್ಕೆ ಹೋಗುವವರು ರಾತ್ರಿಯೇ ಹಿಂದಿರುಗುವುದು. ಊರಲ್ಲೇ ಕೆಲಸ ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಆದರೆ ಕೆಲಸ ಬರುವುದಕ್ಕೂ ಅದು ನಮ್ಮ ಮಕ್ಕಳಿಗೆ ಸಿಗುವುದಕ್ಕೂ ನಡುವೆ ಹತ್ತು ವರ್ಷದ ಓದು ನಿಂತಿದೆ. ಇಂದು ಐದನೇ ತರಗತಿಯಲ್ಲಿ ಭಾಗಾಕಾರ ಬಾರದೆ ಮುಂದಕ್ಕೆ ಹೋದ ಮಗು ಕೈಗಾರಿಕಾ ಪಾರ್ಕ್ ಪೂರ್ತಿ ನಡೆಯುವ ಹೊತ್ತಿಗೆ ಐಟಿಐ, ಡಿಪ್ಲೊಮಾ ವಯಸ್ಸಿಗೆ ಬಂದಿರುತ್ತದೆ. ಗಣಿತ ಬಾರದವನಿಗೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಅಳತೆ ಹಿಡಿಯುವುದಿಲ್ಲ. ಆಗ ಆಪರೇಟರ್‌ಗಳು ಹೊರಗಿನಿಂದ ಬರುತ್ತಾರೆ, ಇಲ್ಲಿಯವರಿಗೆ ಗೇಟ್ ಕಾಯುವುದು, ಗುಡಿಸುವುದು ಉಳಿಯುತ್ತದೆ. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಾರ್ಖಾನೆ ಈ ಊರಿನಲ್ಲಿ ನೆಲೆಯೂರಿದಾಗ ಗಣಿ ನಡೆಯುತ್ತಿತ್ತು, ಶಾಲೆಗಳು ತುಂಬಿದ್ದವು, ಕೈಕೆಲಸ ಬಲ್ಲ ಹುಡುಗರಿದ್ದರು. ಹೊಸ ಪಾರ್ಕ್‌ಗೆ ಆ ಅನುಕೂಲವಿಲ್ಲ. ಕಾರ್ಖಾನೆಯೂ ಶಾಲೆಯೂ ಒಂದೇ ಆದೇಶದಲ್ಲಿ ಬರಬೇಕು ಎನ್ನುವುದು ಇದಕ್ಕೆ.

ಈಗ ಹಣದ ವಿಷಯ. ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಅರೆದ ಮಣ್ಣಿದೆ ಎಂಬುದು ಬಹುಕಾಲದಿಂದ ಓಡಾಡುತ್ತಿರುವ ಅಂದಾಜು. ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ. ಬೆಲೆ ದಿನಕ್ಕೊಂದು ಥರ ಇರುವುದರಿಂದ ರೂಪಾಯಿ ಬಿಟ್ಟು ಗ್ರಾಂನಲ್ಲೇ ಹೇಳುತ್ತೇವೆ. ಚಿನ್ನದ ಅದಿರಿಗೆ ಸರ್ಕಾರಕ್ಕೆ ಕಟ್ಟಬೇಕಾದ ರಾಯಧನ (ರಾಯಲ್ಟಿ) ಅದರಲ್ಲಿರುವ ಚಿನ್ನದ ಮೌಲ್ಯದ ಶೇ 4. ಅಂದರೆ ಒಂದು ಕಿಲೋ ಚಿನ್ನಕ್ಕೆ 40 ಗ್ರಾಂ ಬೆಲೆಯ ರಾಯಧನ. ಅದರ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕಾದದ್ದು, 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಯಾದರೆ ರಾಯಧನದ ಶೇ 30, ಅನಂತರದ ಗುತ್ತಿಗೆಯಾದರೆ ಶೇ 10. ಮೊದಲ ಲೆಕ್ಕದಲ್ಲಿ ಕಿಲೋಗೆ 12 ಗ್ರಾಂ, ಎರಡನೆಯದರಲ್ಲಿ ಬರೀ 4 ಗ್ರಾಂ. ಈ ದಿಬ್ಬಗಳು ಹಳೆಯ ಗುತ್ತಿಗೆಯಲ್ಲಿ ಗಣಿಯಿಂದ ಮೇಲೆ ಬಂದ ಅದಿರಿನವು. ಆದರೆ ಈಗ ಹೊಸ ಕಾಗದ ಮಾಡಿದರೆ ಹೊಸ ದರ ಎನ್ನುವ ವಾದ ಬಂದೇ ಬರುತ್ತದೆ. ಊರಿನ ಪಾಲು ಮೂರರಲ್ಲಿ ಒಂದಕ್ಕೆ ಇಳಿಯುವ ಈ ಸಣ್ಣ ವಾಕ್ಯವನ್ನು ಗುತ್ತಿಗೆ ಪತ್ರದಲ್ಲಿ ಯಾರೂ ಗಮನಿಸದೆ ಸೇರಿಸಿಬಿಡಬಾರದು. ದರ ಯಾವುದು ಎಂದು ಸರ್ಕಾರ ಈಗಲೇ ಬಹಿರಂಗವಾಗಿ ಹೇಳಬೇಕು. ಇದರ ಜೊತೆಗೆ, ಎಸೆದ ಅದಿರಿನ ಪುಡಿಯನ್ನು ಮುಂದೆ ಮಾರಿದರೆ ಅಥವಾ ಬಳಸಿದರೆ ರಾಯಧನ ಕೊಡಬೇಕು ಎಂದು ಖನಿಜ ರಿಯಾಯಿತಿ ನಿಯಮಗಳೇ ಹೇಳಿವೆ. ‘ಇದು ಗಣಿಗಾರಿಕೆಯಲ್ಲ, ಕಸ ವಿಲೇವಾರಿ’ ಎಂದು ಹೇಳಿ ರಾಯಧನವನ್ನೂ ಪ್ರತಿಷ್ಠಾನದ ಪಾಲನ್ನೂ ತಪ್ಪಿಸುವ ದಾರಿಗೆ ಅವಕಾಶ ಕೊಡಬೇಡಿ.

ಪ್ರತಿಷ್ಠಾನಕ್ಕೆ ಬಂದ ಹಣವೂ ತಾನಾಗಿ ಶಾಲೆಗೆ ಹರಿಯುವುದಿಲ್ಲ. ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತಾ ಬಾಬತ್ತುಗಳಿಗೆ ಹೆಚ್ಚಿನ ಪಾಲು ಇಡಬೇಕೆನ್ನುತ್ತದೆ. ಆದರೆ ಶಿಕ್ಷಣಕ್ಕೆ ಇಷ್ಟೇ ಎಂಬ ನಿಗದಿಯಿಲ್ಲ. ಕಾಂಕ್ರೀಟ್ ಕೆಲಸಕ್ಕೆ ಗುತ್ತಿಗೆದಾರರಿದ್ದಾರೆ, ಕೇಳುವವರಿದ್ದಾರೆ. ಮೂರನೆಯ ಶಿಕ್ಷಕಿಗೆ ಕೇಳುವವರಿಲ್ಲ. ಆದ್ದರಿಂದ ಕೆಜಿಎಫ್ ದಿಬ್ಬಗಳಿಂದ ಬರುವ ಪ್ರತಿಷ್ಠಾನದ ಹಣದಲ್ಲಿ ಕನಿಷ್ಠ ಮೂರನೇ ಒಂದು ಭಾಗವನ್ನು ಕೆಜಿಎಫ್ ಶೈಕ್ಷಣಿಕ ವಲಯದ ಸರ್ಕಾರಿ ಶಾಲೆಗಳಿಗೆಂದು ಬೇರೆ ಖಾತೆಯಲ್ಲಿ ಇಡಬೇಕು. ಅದರಲ್ಲಿಯೂ ಒಂದು ಭಾಗ ಖರ್ಚಾಗದೆ ಮೂಲಧನವಾಗಿ ಉಳಿಯಬೇಕು. ದಿಬ್ಬದ ಮಣ್ಣು ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. 2001ರಲ್ಲಿ ಗಣಿ ನಿಂತಾಗ ಶಾಲೆ, ಆಸ್ಪತ್ರೆ, ನೀರು ಎಲ್ಲವೂ ಅದರ ಜೊತೆಗೇ ಕುಸಿದದ್ದು ಏಕೆಂದರೆ ಎಲ್ಲವೂ ಆ ವರ್ಷದ ಆದಾಯದ ಮೇಲೆ ನಿಂತಿದ್ದವು, ಕೂಡಿಟ್ಟ ಗಂಟು ಇರಲಿಲ್ಲ.

ಜಾಗದ ವಿಷಯ ಇನ್ನೊಂದು. ಗಣಿ ಕಾಲೊನಿಗಳ ಒಳಗಿನ ಶಾಲೆಗಳು ನಿಂತಿರುವ ನೆಲ ಹೆಚ್ಚಿನ ಕಡೆ ಕಂಪನಿಯ ಹೆಸರಿನಲ್ಲೇ ಉಳಿದಿದೆ. ಶಾಲೆಯ ಹೆಸರಿಗೆ ಖಾತೆಯಿಲ್ಲದ ಕಡೆ ಹೊಸ ಕೊಠಡಿ ಮಂಜೂರು ಮಾಡಲು ಎಂಜಿನಿಯರುಗಳು ಹಿಂಜರಿಯುತ್ತಾರೆ, ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಬ್ರಿಟಿಷರ ಕಾಲದ ಕಟ್ಟಡಗಳು, ಹೆಂಚು, ತಗಡಿನ ಸೂರು. ಕೆಳಗೆ ನೆಲ ಪೊಳ್ಳು. ಗಣಿಯಲ್ಲಿ ನೀರು ತುಂಬಿದ ಮೇಲೂ ಭೂಮಿ ಅದುರಿದ ಅನುಭವ ಈ ಊರಿನದು, ಗೋಡೆಯ ಬಿರುಕುಗಳು ಬರೀ ಹಳೆತನದವಲ್ಲ. ರಾಜ್ಯ ಸರ್ಕಾರ ಟೌನ್‌ಶಿಪ್‌ಗೆ ಸಾವಿರಾರು ಎಕರೆ ಕೇಳುವಾಗ ಪಟ್ಟಿಯ ಮೊದಲ ಸಾಲಿನಲ್ಲಿ ಶಾಲೆ ಮತ್ತು ಅಂಗನವಾಡಿಗಳ ಜಾಗವಿರಲಿ, ಆಟದ ಮೈದಾನ ಸಮೇತ. ಅಳತೆಯಾಗಿ, ಶಿಕ್ಷಣ ಇಲಾಖೆಯ ಹೆಸರಿಗೆ ಇ-ಖಾತೆಯಾಗಿ, ಕಟ್ಟಡಗಳ ದೃಢತೆಯ ಪರೀಕ್ಷೆ ನಡೆದ ಮೇಲೆ ಮುಂದಿನ ಎಕರೆಯ ಮಾತಾಡಿ. ಟೌನ್‌ಶಿಪ್ ಪ್ರಾಧಿಕಾರ ರಚನೆಯಾದರೆ ಅಲ್ಲಿನ ಆಸ್ತಿ ತೆರಿಗೆ ನಗರಸಭೆಯ ಕೈತಪ್ಪುತ್ತದೆ ಎಂಬ ಭಯವೂ ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ ಟೌನ್‌ಶಿಪ್‌ನ ತೆರಿಗೆಯಲ್ಲಿ ಒಂದು ಪಾಲನ್ನು ಸ್ಥಳೀಯ ಪಂಚಾಯಿತಿಗಳಿಗೆ ಕೊಡುವ ಏರ್ಪಾಡಿದೆ. ಇಲ್ಲಿಯೂ ಅಂಥದ್ದೇ ಆಗಲಿ, ಪಾಲಿನ ಪ್ರಮಾಣ ಅಧಿಸೂಚನೆಯಲ್ಲೇ ಬರಲಿ.

ದೂಳಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಆಷಾಢದ ಗಾಳಿ ಎದ್ದರೆ ದಿಬ್ಬದ ಬಿಳಿ ಪುಡಿ ಮನೆಯ ಪಾತ್ರೆ, ಶಾಲೆಯ ಬೆಂಚು, ಮಕ್ಕಳ ಊಟದ ತಟ್ಟೆ ಯಾವುದನ್ನೂ ಬಿಡುವುದಿಲ್ಲ. ಅದು ನುಣ್ಣಗೆ ಅರೆದ ಕಲ್ಲು. ಅದರೊಳಗೆ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಸಿಲಿಕಾ ಏನು ಮಾಡುತ್ತದೆಂದು ಗಣಿ ಕಾರ್ಮಿಕರ ಮನೆಗಳಿಗೆ ಯಾರೂ ಕಲಿಸಿಕೊಡಬೇಕಿಲ್ಲ. ಇಷ್ಟು ವರ್ಷದ ಮಳೆಗೆ ಮೇಲ್ಪದರ ಸ್ವಲ್ಪ ಗಟ್ಟಿಯಾಗಿ ಕೂತಿದೆ. ಯಂತ್ರ ಅದನ್ನು ಕೆದಕಿದ ದಿನದಿಂದ ಒಳಗಿನ ಒಣ ಪುಡಿ ಹೊರಬರುತ್ತದೆ. ಗಾಳಿಯಲ್ಲಿನ ಸಣ್ಣ ದೂಳಿನ ಕಣಗಳ (ಪಿಎಂ10) 24 ಗಂಟೆಯ ಮಿತಿ ಘನಮೀಟರಿಗೆ 100 ಮೈಕ್ರೊಗ್ರಾಂ, ಇನ್ನೂ ಸಣ್ಣ ಕಣಗಳಾದ ಪಿಎಂ2.5ಕ್ಕೆ 60. ಈ ಮಾಪನ ಗುತ್ತಿಗೆದಾರರ ಕಚೇರಿಯ ಮೇಲಲ್ಲ, ದಿಬ್ಬಕ್ಕೆ ಹತ್ತಿರದ ಶಾಲೆಗಳ ಸೂರಿನ ಮೇಲೆ ನಡೆಯಬೇಕು. ಅಳತೆ ಯಂತ್ರ ಕೆಲಸ ಶುರುವಾಗುವುದಕ್ಕೆ ಒಂದು ವರ್ಷ ಮೊದಲೇ ಇರಬೇಕು, ಇಲ್ಲದಿದ್ದರೆ ‘ಮೊದಲೂ ಹೀಗೆಯೇ ಇತ್ತು’ ಎಂಬ ಉತ್ತರಕ್ಕೆ ಎದುರು ದಾಖಲೆ ಇರುವುದಿಲ್ಲ. ಮಿತಿ ಮೀರಿದ ದಿನ ಅಗೆತ ನಿಲ್ಲಬೇಕು. ಶಾಲೆಯ ಸಮಯದಲ್ಲಿ ಶಾಲೆಯ ಮುಂದಿನ ರಸ್ತೆಯಲ್ಲಿ ಲಾರಿ ಓಡಬಾರದು, ಓಡುವ ಲಾರಿಗೆ ಟಾರ್ಪಾಲು ಹೊದಿಸಿರಬೇಕು. ನೀರಿನ ಟ್ಯಾಂಕ್‌ಗಳಿಗೆ ಮುಚ್ಚಳ, ತರಗತಿಯ ಕಿಟಕಿಗಳಿಗೆ ಗಾಜು ಗುತ್ತಿಗೆದಾರರ ಖರ್ಚಿನಲ್ಲಿ ಬರಬೇಕು, ಶಾಲೆಯ 25,000ದಲ್ಲಲ್ಲ.

ಎಲ್ಲವನ್ನೂ ಬೆಂಗಳೂರಿನಿಂದಲೇ ಕೇಳುತ್ತಿಲ್ಲ, ನಮ್ಮ ನಗರಸಭೆಗೂ ಮಾತಿದೆ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಈ ಊರಿನವರೇ ಕಟ್ಟುತ್ತಾರೆ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಮೀಸಲಿಡುವ ನಿಧಿಗಳಿವೆ. ದುಡಿಯುವ ದಲಿತ ಕುಟುಂಬಗಳೇ ಹೆಚ್ಚಿರುವ ಈ ಊರಿನಲ್ಲಿ ಈ ನಿಧಿಗಳನ್ನು ಮಕ್ಕಳ ಓದಿಗೆ ಬಳಸಿದರೆ ಅದಕ್ಕಿಂತ ಸರಿಯಾದ ಬಳಕೆಯಿಲ್ಲ. ಅಪ್ಪ ಅಮ್ಮ ಇಬ್ಬರೂ ರೈಲು ಹತ್ತಿ ಹೋದ ಮನೆಯ ಮಗು ಸಂಜೆ ನಾಲ್ಕೂವರೆಯಿಂದ ರಾತ್ರಿಯವರೆಗೆ ಒಂಟಿ, ಇಲ್ಲವೇ ವಯಸ್ಸಾದ ಅಜ್ಜಿಯ ಜೊತೆ. ವಾರ್ಡಿಗೊಂದು ಶಾಲೆಯ ಎರಡು ಕೊಠಡಿಯನ್ನು ಏಳು ಗಂಟೆಯವರೆಗೆ ತೆರೆದಿಟ್ಟು, ಊರಿನದೇ ಒಬ್ಬ ಪದವೀಧರೆಗೆ ಗೌರವಧನ ಕೊಟ್ಟು, ಒಂದಿಷ್ಟು ಪುಸ್ತಕ, ಒಂದು ತಿಂಡಿ, ಬೆಳಕು ಕೊಟ್ಟರೆ ಸಾಕು. ನಗರಸಭೆ ತನ್ನ ಒಂದು ಸಾಮಾನ್ಯ ಸಭೆಯಲ್ಲಿ ಇದನ್ನು ತೀರ್ಮಾನಿಸಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ಬಗ್ಗೆ ಒಂದೇ ಮಾತು. ಗೋಡೆಗೆ ಬಣ್ಣ, ಸ್ಮಾರ್ಟ್ ಬೋರ್ಡ್ ಕೊಡುವವರು ಜೊತೆಗೆ ಐದು ವರ್ಷದ ನಿರ್ವಹಣೆಯನ್ನೂ ಬರೆದುಕೊಡಲಿ. ಯುಪಿಎಸ್ ಬ್ಯಾಟರಿ ಸತ್ತ ಮೇಲೆ ಬೋರ್ಡ್‌ಗೆ ಬಟ್ಟೆ ಹೊದಿಸಿಡುವುದೊಂದೇ ಶಾಲೆಗೆ ಉಳಿಯುವ ದಾರಿ.

ಮಾನ್ಯ ಮುಖ್ಯಮಂತ್ರಿಗಳೇ, ನಾವು ಕೇಳುತ್ತಿರುವುದು ಇಷ್ಟು. ಕೆಜಿಎಫ್ ಶೈಕ್ಷಣಿಕ ವಲಯದಲ್ಲಿ ಮುಂದಿನ ಐದು ವರ್ಷ ದಾಖಲಾತಿ ಇಳಿದರೂ ಯಾವ ಶಾಲೆಯ ಅನುದಾನವೂ ಈಗಿನ ಮೆಟ್ಟಿಲಿಗಿಂತ ಕೆಳಗೆ ಹೋಗಬಾರದು, ಆ ವ್ಯತ್ಯಾಸವನ್ನು ರಾಜ್ಯವೇ ತುಂಬಿಕೊಡಬೇಕು. ಯಾವ ಪ್ರಾಥಮಿಕ ಶಾಲೆಯಲ್ಲೂ ಮೂವರಿಗಿಂತ ಕಡಿಮೆ ಶಿಕ್ಷಕರಿರಬಾರದು. ಇದಕ್ಕಾಗಿ ಐವತ್ತು ಶಾಲೆಗೆ ಒಬ್ಬೊಬ್ಬ ಅತಿಥಿ ಶಿಕ್ಷಕರನ್ನು ಹೆಚ್ಚಾಗಿ ಕೊಟ್ಟರೂ ವರ್ಷಕ್ಕೆ 60 ಲಕ್ಷ ರೂಪಾಯಿ, ಕೈಗಾರಿಕಾ ಪಾರ್ಕ್‌ನ ರಸ್ತೆ-ಚರಂಡಿಯ ಅಂದಾಜುಪಟ್ಟಿಯ ಮುಂದೆ ಇದು ಎಷ್ಟು ಸಣ್ಣದೆಂದು ತಮ್ಮ ಹಣಕಾಸು ಇಲಾಖೆಯನ್ನೇ ಕೇಳಿ. ಅನುದಾನದ ಮೊದಲ ಕಂತು ಜೂನ್ 15ರೊಳಗೆ ಬರಲಿ. ತಮಿಳು, ಉರ್ದು, ತೆಲುಗು ಮಾಧ್ಯಮದ ಪ್ರತಿ ಶಾಲೆಗೂ ಕನ್ನಡ ಶಿಕ್ಷಕರೊಬ್ಬರು ಇರಲಿ. ಪ್ರತಿಷ್ಠಾನದ ದರ, ಶಾಲೆಗಳ ಪಾಲು, ಮೂಲಧನದ ಷರತ್ತು ಗುತ್ತಿಗೆ ಒಪ್ಪಂದದ ಭಾಗವಾಗಲಿ. ಶಾಲೆಗಳ ಜಾಗ ಮೊದಲು ಇಲಾಖೆಗೆ ಬರಲಿ. ದೂಳಿನ ಮಾಪನ ಶಾಲೆಯ ಸೂರಿನ ಮೇಲಿರಲಿ.

ಇವನ್ನು ಚರ್ಚಿಸಲು ಗಣಿ, ಶಿಕ್ಷಣ, ಕೈಗಾರಿಕೆ, ನಗರಾಭಿವೃದ್ಧಿ ಇಲಾಖೆಗಳ ಅಧಿಕಾರಿಗಳನ್ನು ಒಂದೇ ಮೇಜಿಗೆ ಕರೆದು ಕೆಜಿಎಫ್‌ನಲ್ಲೇ ಸಭೆ ನಡೆಸಬೇಕೆಂದು ಕೋರುತ್ತೇವೆ. ಭಾನುವಾರವೇ ಆಗಲಿ, ಉಳಿದ ದಿನ ಪೋಷಕರು ರೈಲಿನಲ್ಲಿರುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರುಗಳಿಗೆ ಹದಿನೈದು ದಿನ ಮುಂಚೆ ತಿಳಿಸಿದರೆ ಶಾಲೆವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕಟ್ಟಡದ ಸ್ಥಿತಿ, ಜಾಗದ ದಾಖಲೆಗಳ ಪಟ್ಟಿಯನ್ನು ನಾವು ಸಿದ್ಧಮಾಡಿ ಇಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೆಜಿಎಫ್‌ನ ಸರ್ಕಾರಿ ಶಾಲೆಗಳ ಪೋಷಕರು, ನಿವೃತ್ತ ಶಿಕ್ಷಕರು ಮತ್ತು ಗಣಿ ಕಾರ್ಮಿಕರ ಕುಟುಂಬದವರು